ಸಾಲಿನಲ್ಲಿ ಶ್ ಮಾಮನ ಜಾಗ

ಅಮ್ಮನ ತಮ್ಮನನ್ನು ನಮ್ಮ ಮನೆಯಲ್ಲಿ ಎಲ್ಲರೂ ಕರೆಯುವುದು ‘ಶ್ ಮಾಮ’ ಎಂದೇ. ತುಟಿಗೆ ಬೆರಳಿಟ್ಟು ‘ಶ್!’ ಎನ್ನುವುದಕ್ಕೇ ಅವರಿಗೆ ಯಾರೋ ಸಂಬಳ ಕೊಡುತ್ತಾರೆ ಎಂದು ಚಿಕ್ಕಂದಿನಲ್ಲಿ ನಾನು ನಂಬಿದ್ದೆ. ಅದು ಪೂರ್ತಿ ಸುಳ್ಳೂ ಅಲ್ಲ. ಮಾಮ ಧ್ವನಿಮುದ್ರಣದವರು. ಮುಸ್ಲಿಮರು ಲೋಕದ ಯಾವ ಯಾವ ಮೂಲೆಯಲ್ಲಿ ಹೇಗೆ ಬದುಕುತ್ತಾರೆ, ಹೇಗೆ ಪ್ರಾರ್ಥಿಸುತ್ತಾರೆ, ಸತ್ತವರನ್ನು ಹೇಗೆ ಕಳಿಸಿಕೊಡುತ್ತಾರೆ ಎಂದು ಸಾಕ್ಷ್ಯಚಿತ್ರ ತೆಗೆಯುವ ಒಂದು ಸಣ್ಣ ತಂಡದಲ್ಲಿ ತಲೆ ನರೆಯುವವರೆಗೂ ಮೈಕು ಹಿಡಿದರು. ಹಿಮ ಬೀಳುವ ಊರಿನ ಮರದ ಮಸೀದಿ, ಮರಳಿನ ನಡುವಿನ ಮಣ್ಣಿನ ಮಸೀದಿ, ದೋಣಿಯಲ್ಲೇ ನಮಾಜು ಮುಗಿಸುವ ಮೀನುಗಾರರು, ದೇವರ ಹೆಸರು ಹೇಳುತ್ತ ಹೇಳುತ್ತ ಅಳುವ ಮುದುಕರು, ಎಲ್ಲರ ದನಿಯೂ ಅವರ ಪೆಟ್ಟಿಗೆಯಲ್ಲಿತ್ತು. ಚಿತ್ರಗಳಲ್ಲಿ ಮಾತ್ರ ಅವರು ಎಲ್ಲೂ ಇಲ್ಲ. ಒಮ್ಮೆ ಗೋಡೆಯ ಮೇಲೆ ಅವರ ನೆರಳು ಬಿತ್ತೆಂದು ಆ ತುಣುಕನ್ನೇ ಕತ್ತರಿಸಿ ಎಸೆದರಂತೆ.

ಮದುವೆಯಾಗಲಿಲ್ಲ. “ಹೆಣ್ಣು ತೋರಿಸೋಣ ಅಂದ್ರೆ ಇವನು ಊರಲ್ಲಿದ್ರೆ ತಾನೇ! ಕಂಡೋರ ಮದುವೆಯೆಲ್ಲಾ ಮುಗಿಸ್ಕೊಂಡು ಬಂದ, ತನ್ನದಕ್ಕೆ ಪುರುಸೊತ್ತಿಲ್ಲ” ಎಂದು ಅಮ್ಮ ಈಗಲೂ ಕುಟುಕುತ್ತಾಳೆ. ವಯಸ್ಸಾದ ಮೇಲೆ ಮಾಮ ನಮ್ಮ ಮಹಡಿಯ ಕೋಣೆಗೆ ಬಂದರು. ನನ್ನ ಗಂಡನ ಕೆಲಸ ಹಡಗಿನಲ್ಲಿ. ಹಾಗಾಗಿ ಮನೆಯಲ್ಲಿ ಇರುವುದು ಅಮ್ಮ, ನಾನು, ಇನ್ನೂ ನಿಲ್ಲಲು ಕಲಿಯುತ್ತಿರುವ ಮಗಳು, ಮೇಲೆ ಮಾಮ. ಮಗುವಿನ ಎದೆಯಲ್ಲಿ ಗೊರಗೊರ ಸದ್ದು ಕೇಳಿತೆಂದು ನಾನು ಹೆದರಿ ಓಡಿದರೆ ಮಾಮ ಕಣ್ಣು ಮುಚ್ಚಿ ಕಿವಿಗೊಡುತ್ತಿದ್ದರು. “ಮೂಗು ಕಟ್ಟಿದೆ ಅಷ್ಟೇ ಕಣಮ್ಮ. ಎದೆ ಗಂಟೆ ಥರ ಇದೆ. ನೀನು ಮೊದಲು ಉಸಿರಾಡು.”

ಉಸಿರಿನ ವಿಷಯ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮೈಕು ಹಿಡಿದವನು ಕೆಮ್ಮುವಂತಿಲ್ಲ, ಎಂಜಲು ನುಂಗುವಂತಿಲ್ಲ. ಜನ ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಂತರೆ ಮಾಮ ಸಾಲಿನ ಹೊರಗೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಎಲ್ಲರೂ ಎದ್ದು ಹೋದ ಮೇಲೆ, ತಂತಿ ಸುತ್ತಿಟ್ಟು, ಒಂದು ಮೂಲೆಯಲ್ಲಿ ಒಬ್ಬರೇ ನಮಾಜು ಮಾಡಿಕೊಳ್ಳುತ್ತಿದ್ದರು. ಹಾಗೆಯೇ ಆಯುಷ್ಯ ಕಳೆಯಿತು.

ಕಡೆಯ ಚಿತ್ರ ನಮ್ಮ ಬೀದಿಯ ಮಸೀದಿಯದೇ ಆಯಿತು. ನಾವು ಇಲ್ಲಿಗೆ ಬಂದ ಮೇಲೆ ಮಾಮ ಶುಕ್ರವಾರದ ಹೊತ್ತಿಗೆ ಊರಲ್ಲಿದ್ದದ್ದೇ ಅಪರೂಪ, ಅಲ್ಲಿ ಅವರ ಗುರುತಿರಲಿಲ್ಲ. ಮಸೀದಿ ನೋಡಿಕೊಳ್ಳುವವರು ಹತ್ತಿರ ಬಂದು, ಕಿವುಡರಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದರಂತೆ: “ನೋಡಿ ಸ್ವಾಮಿ, ನೀವು ನಮ್ಮವರಲ್ಲ, ನಿಮಗೆ ಗೊತ್ತಿರಲ್ಲ. ಇಲ್ಲಿ ಕಾಲು ತೊಳ್ಕೊಂಡು ಬರಬೇಕು. ನಮಾಜು ನಡೀತಿರುವಾಗ ಎದುರಿಗೆ ಹಾಯಬಾರದು. ನಮಾಜು ಅಂದ್ರೆ ಏನು ಅಂದ್ರೆ...”

ಮನೆಗೆ ಬಂದು ಮಾಮ ಇದನ್ನು ನಗುತ್ತಲೇ ಹೇಳಿದರು. ನಾವೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

“ನಾನೂ ನಿಮ್ಮೋನೇ ಅನ್ನಬಾರದಿತ್ತೇನೋ?” ಎಂದಳು ಅಮ್ಮ.

“ಮೈಕ್ ಆನ್ ಇತ್ತು ಅಕ್ಕ.”

ಮತ್ತೆ ನಕ್ಕೆವು. ಮಾಮ ನಗಲಿಲ್ಲ. “ನನಗೊಂದು ಆಸೆ ಉಳ್ಕೊಂಡಿದೆ” ಎಂದರು. “ಸಾಲಲ್ಲಿ ನಿಲ್ಲಬೇಕು. ಇವತ್ತು ಇವನು ಬಂದಿಲ್ವಲ್ಲ ಅಂತ ಪಕ್ಕದೋರು ಒಂದ್ಸಲ ತಿರುಗಿ ನೋಡೋ ಹಾಗೆ.”

ಮುಂದಿನ ಶುಕ್ರವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬರಿಗೈಯಲ್ಲಿ ಹೋದರು. ಕೈ ಎಲ್ಲಿಡಬೇಕೋ ತಿಳಿಯದವರಂತೆ ಜೇಬಿಗೆ ಹಾಕುತ್ತ ತೆಗೆಯುತ್ತ ಮೆಟ್ಟಿಲಿಳಿದದ್ದನ್ನು ನಾನೇ ನೋಡಿದೆ. ಆ ಮಸೀದಿಯಲ್ಲಿ ಇಮಾಮರು ಓದಿ ನಿಲ್ಲಿಸಿದೊಡನೆ ಎಲ್ಲರೂ ಗಟ್ಟಿಯಾಗಿ ‘ಆಮೀನ್’ ಎನ್ನುವ ರೂಢಿ. ಇಮಾಮರು ನಿಲ್ಲಿಸಿದರು. ಮಾಮನ ಉಸಿರು ತನ್ನಷ್ಟಕ್ಕೆ ತಾನೇ ನಿಂತಿತು. ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಆಮೀನ್ ಮೊಳಗಿತು. ಒಬ್ಬರ ಬಾಯಿ ಮಾತ್ರ ಹೊಲಿದಂತೆ ಇತ್ತು. ಅದೇ ನಮಾಜಿನಲ್ಲಿ ಎರಡನೆಯ ಸಲ ಆಮೀನ್ ಬಂದಾಗಲೂ ಅಷ್ಟೇ.

ಪಕ್ಕದಲ್ಲಿದ್ದವರು ಕನ್ನಡಕದ ಅಂಗಡಿಯ ಸಾಹೇಬರು. ನಮಾಜು ಮುಗಿದ ಮೇಲೆ ಏನೋ ಕೇಳಿದರಂತೆ. ಮಾಮ ಗಾಬರಿಯಲ್ಲಿ ಬರೀ ತಲೆಯಾಡಿಸಿದರು. ಸಾಹೇಬರು ಅಯ್ಯೋ ಎಂಬಂತೆ ಎದೆ ಮುಟ್ಟಿಕೊಂಡು, ತಮ್ಮ ಬಾಯಿ ತೋರಿಸಿ ಕೈಯಾಡಿಸಿದರು: ಮಾತು ಬರುವುದಿಲ್ಲವೇ? ಮಾಮ ಅದಕ್ಕೂ ತಲೆಯಾಡಿಸಿಬಿಟ್ಟರು.

ಅಂದಿನಿಂದ ಮಾಮನಿಗೊಂದು ಜಾಗವಾಯಿತು. ಸಾಹೇಬರು ಪ್ರತಿ ವಾರ ಮೊದಲೇ ಬಂದು ಪಕ್ಕದ ಚಾಪೆಯ ಮೇಲೆ ಕರವಸ್ತ್ರ ಹಾಸಿಟ್ಟಿರುತ್ತಿದ್ದರು. ಮಾಮನನ್ನು ಕಂಡರೆ ಚಾಪೆ ತಟ್ಟಿ ಕರೆಯುತ್ತಿದ್ದರು, ಕೈಸನ್ನೆಯಲ್ಲೇ ಮೊಣಕಾಲು ನೋವಿನ ಕತೆ ಹೇಳುತ್ತಿದ್ದರು. ಮಾಮ ಮನೆಗೆ ಬಂದು ಆ ಸನ್ನೆಗಳನ್ನೆಲ್ಲ ನಮಗೆ ಮಾಡಿ ತೋರಿಸುತ್ತಿದ್ದರು, ಹೊಸ ಆಟಿಕೆ ಸಿಕ್ಕ ಮಗುವಿನಂತೆ.

“ಮಾಮ, ಇದು ಸರಿಯಲ್ಲ” ಎಂದೆ ನಾನು. ನನಗೆ ಸುಮ್ಮನಿದ್ದರೂ ಎದೆ ಡವಡವ ಎನ್ನುತ್ತದೆ, ಇಂಥದ್ದು ಕೇಳಿದರೆ ಹೇಳುವುದೇ ಬೇಡ. “ಒಂದಲ್ಲ ಒಂದು ದಿನ ಗೊತ್ತಾಗುತ್ತೆ. ಆಗ?”

“ಮಾತು ಬರೋನಿಗೆ ಯಾರು ಕರವಸ್ತ್ರ ಹಾಸ್ತಾರೆ?” ಎಂದರು ಮಾಮ.

ನಾನು ಹೆದರಿದ ದಿನ ನನ್ನಿಂದಲೇ ಬಂತು. ಮಗಳು ನನ್ನ ಕನ್ನಡಕ ಕಿತ್ತುಕೊಂಡು ಕಡ್ಡಿ ಮುರಿದಳು. ಕನ್ನಡಕವಿಲ್ಲದೆ ಮಗುವನ್ನೆತ್ತಿಕೊಂಡು ರಸ್ತೆ ದಾಟುವ ಧೈರ್ಯ ನನಗಿಲ್ಲ. ಬೀದಿಯಲ್ಲಿ ಇರುವುದು ಅದೊಂದೇ ಅಂಗಡಿ. “ನೀವು ಹೊರಗೇ ನಿಂತಿರಿ ಮಾಮ, ದಾಟಿಸಿದ್ರೆ ಸಾಕು” ಎಂದು ಕರೆದುಕೊಂಡು ಹೋದೆ. ಸಾಹೇಬರು ಮಾಮನನ್ನು ಬಾಗಿಲಲ್ಲಿ ಕಂಡದ್ದೇ ತಡ, ಎರಡೂ ಕೈ ಚಾಚಿ ಒಳಗೆ ಕರೆದು ಕೂರಿಸಿದರು.

“ನಿಮ್ಮ ಮಾಮಾನಾ? ಬಂಗಾರದಂಥ ಮನುಷ್ಯ ಕಣಮ್ಮ. ಪಾಪ, ದೇವರು ಬಾಯೊಂದು ಕೊಡಲಿಲ್ಲ. ಕೊಟ್ಟವರು ಏನು ಘನಂದಾರಿ ಮಾತಾಡ್ತಿದ್ದೀವಿ, ಬಿಡಿ!” ಎಂದು ತಾವೇ ನಕ್ಕರು. ನಾನು ತಲೆ ತಗ್ಗಿಸಿ ಕೈಚೀಲದಲ್ಲಿ ಮುರಿದ ಕಡ್ಡಿ ಹುಡುಕತೊಡಗಿದೆ. ಮಗುವನ್ನು ಮುಂದಿದ್ದ ಗಾಜಿನ ಮೇಜಿನ ಮೇಲೆ ಕೂರಿಸಿ ಒಂದು ಕೈ ಆನಿಸಿದ್ದೆ. ಅದು ಯಾವಾಗ ಆ ಕೈ ತೆಗೆದೆನೋ ತಿಳಿಯದು. ಅವಳು ಆಚೆ ತುದಿಯ ಹೊಳೆಯುವ ಮಸೂರದ ಕಡೆಗೆ ಬಾಗಿದಳು.

“ಮಗು! ಹಿಡೀರಿ! ಮಗು!”

ಅಂಗಡಿಯ ಗಾಜೆಲ್ಲ ಝಲ್ಲೆನ್ನುವಂಥ ಕೂಗು, ಮಾಮನದು. ಸಾಹೇಬರ ಕೈ ತಟ್ಟನೆ ಮುಂದೆ ಹೋಗಿ ಮಗುವಿನ ಅಂಗಿಯನ್ನು ಹಿಡಿಯಿತು. ಮಗು ನಕ್ಕಿತು. ನಾನು ಅತ್ತುಬಿಟ್ಟೆ. ಸಾಹೇಬರು ಮಗುವನ್ನು ನನ್ನ ಮಡಿಲಿಗೆ ಹಾಕಿ, ನಿಧಾನವಾಗಿ ಮಾಮನ ಕಡೆ ತಿರುಗಿದರು.

“ಎಷ್ಟು ಚೆನ್ನಾಗಿ ಮಾತಾಡ್ತೀರಿ” ಎಂದರು.

ಮಾಮನ ಬಾಯಿ ತೆರೆದೇ ಇತ್ತು. ಈಗ ನಿಜವಾಗಿಯೂ ಮಾತು ಹೊರಡಲಿಲ್ಲ.

“ಕೋತಿ ಆಡಿಸೋಕೆ ನಾನೇ ಬೇಕಿತ್ತಾ? ಈ ವಯಸ್ಸಲ್ಲಿ ಕೈ ತಿರುಗಿಸಿ, ಕಣ್ಣು ತಿರುಗಿಸಿ... ಮನೇಲಿ ಎಲ್ಲಾ ಕೂತ್ಕೊಂಡು ನಕ್ಕಿರಬೇಕು.” ನನ್ನ ಕನ್ನಡಕ ಸರಿಮಾಡಿ ಕೊಟ್ಟರು. ಮಾಮನ ಕಡೆ ಮತ್ತೆ ನೋಡಲಿಲ್ಲ.

ಶುಕ್ರವಾರ ಬಂದಾಗ ಮಾಮ ಕೋಣೆಯಿಂದ ಇಳಿಯಲಿಲ್ಲ. ಅಮ್ಮ ಮೆಟ್ಟಿಲ ಕೆಳಗೆ ನಿಂತು ಕೂಗಿದಳು: “ಬೈದ್ರೆ ಬೈಸ್ಕೋ! ಹಾಗಂತ ದೇವರ ಮನೆಗೆ ಬೆನ್ನು ಹಾಕ್ತೀಯೇನೋ? ಇಳಿ ಕೆಳಗೆ.” ಅಕ್ಕನ ದನಿಗೆ ಮಾಮ ಈಗಲೂ ಹೆದರುತ್ತಾರೆ. ಹೋದರು.

ಬೇಕೆಂದೇ ತಡವಾಗಿ ಹೋಗಿ, ಕಡೆಯ ಸಾಲಿನ ಎಡತುದಿಯಲ್ಲಿ ನಿಂತರಂತೆ. ಅಷ್ಟರಲ್ಲಿ ಅಂಗಡಿ ಮುಚ್ಚಿಕೊಂಡು ಇನ್ನೂ ತಡವಾಗಿ ಒಬ್ಬರು ಏದುಸಿರು ಬಿಡುತ್ತ ಬಂದರು. ಉಳಿದಿದ್ದದ್ದು ಮಾಮನ ಎಡಗಡೆಯ ಜಾಗ ಒಂದೇ. ಸಾಲಿನಲ್ಲಿ ನಡುವೆ ತೆರವು ಬಿಡುವಂತಿಲ್ಲ. ಸಾಹೇಬರು ಬಂದು ನಿಂತರು, ಭುಜ ತಾಗಿತು. ಇಮಾಮರು ಓದಿ ನಿಲ್ಲಿಸಿದರು. ಎಲ್ಲರ ಆಮೀನ್ ಎದ್ದು ಇಳಿದು ಮಸೀದಿ ನಿಶ್ಶಬ್ದವಾದ ಮೇಲೆ, ಹಿಂದಿನ ಸಾಲಿನಿಂದ ಮಾಮನ ಗೊಗ್ಗರು ದನಿಯ ಒಂದೇ ಒಂದು ಆಮೀನ್ ಹೊರಟಿತು.

ಮಾಮ ಮನೆಗೆ ಬಂದಾಗ ಕಿವಿ ಇನ್ನೂ ಕೆಂಪಗಿತ್ತು.

“ಸಾಹೇಬರು ಏನಾದ್ರೂ ಅಂದ್ರಾ?” ನಾನು ಬಾಗಿಲಲ್ಲೇ ಕೇಳಿದೆ.

“ಸಲಾಂ ಅಂದ್ರು.”

“ಇನ್ನೇನು ಮತ್ತೆ! ರಾಜಿಯಾಯ್ತಲ್ಲ!”

“ಅದು ನಮಾಜು ಮುಗಿಸೋವಾಗ ಹೇಳೋ ಸಲಾಂ ಕಣಮ್ಮ. ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ. ಅವರು ನನ್ನ ಕಡೆ ತಿರುಗಿದಾಗ ನನ್ನ ಮುಖ ಆ ಕಡೆ. ನಾನು ಅವರ ಕಡೆ ತಿರುಗೋ ಹೊತ್ತಿಗೆ ಅವರ ಮುಖ ಆ ಕಡೆ. ಬರೀ ದನಿ ಕೇಳಿಸ್ತು. ಆಮೇಲೆ ಎದ್ದು ಹೋದ್ರು. ನನ್ನ ಜಾಗದಲ್ಲಿ ಗೋಡೆ ಇದ್ದಿದ್ರೂ ಹೇಳ್ತಿದ್ರು.”

ಅಮ್ಮ ಒಳಗಿನಿಂದ ಕೇಳಿದಳು: “ನೀನೂ ಹೇಳಿದೆ ತಾನೇ, ಅವರ ಕಡೆ ತಿರುಗಿ?”

“ಹೇಳಿದೆ.”

“ಗೋಡೆಗೆ ಹೇಳಿದ್ಯಾ?”

ಮಾಮ ಟೋಪಿ ತೆಗೆಯುವುದನ್ನೂ ಮರೆತು, ಹೊಸ್ತಿಲಲ್ಲೇ ತಿರುಗಿ ಕನ್ನಡಕದ ಅಂಗಡಿಯ ಕಡೆ ನೋಡಿದರು.