ಕುರುಗೋಡಿನ ಮೇಲೆ ಬಳ್ಳಾರಿಗೆ

ಬೆಳಗಿನ ಮಂಡಕ್ಕಿ ಒಗ್ಗರಣೆಗೆಂದು ಮಂಡಾಳನ್ನು ನೀರಿಗೆ ಹಾಕಿದ್ದೆ. ಇನ್ನೇನು ಹಿಂಡಿ ತೆಗೆಯಬೇಕು, ಅಷ್ಟರಲ್ಲಿ ಬಳ್ಳಾರಿಯಿಂದ ಅಕ್ಕನ ಮಗ ಮಲ್ಲಿ ಫೋನ್ ಮಾಡಿದ. "ಚಿಗವ್ವ, ಅವ್ವನ ಆಪರೇಶನ್ ನಾಳೆ ಅಂದಿದ್ರು, ಈಗ ಇವತ್ತ ಮಾಡ್ತಾರಂತ. ಕರುಳಿನ ಗಂಟು ಬಿಗದೈತಂತ. ಮಧ್ಯಾಹ್ನ ಒಳಗ ಒಯ್ತಾರ."

ಅಕ್ಕ ಅವನ ಕೈಯಿಂದ ಫೋನ್ ಇಸಿದುಕೊಂಡಳು. "ಪಾರಿ, ಮೈಮ್ಯಾಲೆ ಏನೂ ಇರಬಾರದಂತ. ಲಿಂಗಾನೂ ತಗೀಬೇಕಂತ. ನೀ ಬಂದು ಕೈಯಾಗ ಹಿಡಕೊಂಡು ಕೂಡು. ನೀ ಹಿಡಕೊಂಡ್ರ ನಾ ಹೆದರಂಗಿಲ್ಲ."

ನಮ್ಮಿಬ್ಬರಿಗೂ ಒಂದೇ ದಿನ ಲಿಂಗಧಾರಣೆಯಾಗಿತ್ತು. ಉಸಿರಿರುವ ತನಕ ಇದು ಮೈ ಬಿಡಬಾರದು ಎಂದು ಅಯ್ಯನವರು ಅವತ್ತು ಹೇಳಿದ್ದರು. ಅಕ್ಕ ಸ್ನಾನಕ್ಕೂ ತೆಗೆದವಳಲ್ಲ. ಹೊಟ್ಟೆ ಕೊಯ್ಯುವುದಕ್ಕಿಂತ ಅವಳಿಗೆ ಇದೇ ದೊಡ್ಡ ಭಯ. ಮಲ್ಲಿ ಲಿಂಗ ಕಟ್ಟುವುದಿಲ್ಲ, ಅವನದು ದೇವರ ಜಗುಲಿಯ ಮೇಲಿದೆ. ಅದಕ್ಕೇ ನನ್ನನ್ನು ಕರೆದದ್ದು.

ಮಂಡಾಳು ನೀರಲ್ಲೇ ಉಳಿಯಿತು. ಸೀರೆ ಬದಲಿಸಿ ಸಿರುಗುಪ್ಪ ಬಸ್‌ ಸ್ಟ್ಯಾಂಡಿಗೆ ಬಂದೆ. ಬಳ್ಳಾರಿ ಬಸ್ಸು ಹೊರಡುವುದರಲ್ಲೇ ಇತ್ತು, ಕಿಟಕಿ ಪಕ್ಕ ಜಾಗವೂ ಸಿಕ್ಕಿತು. ಅದು ದೇವರು ಮಾಡಿದ ಮೊದಲ ಉಪಕಾರ. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಕಂಡಕ್ಟರು ದುಡ್ಡಿಲ್ಲದ ಟಿಕೆಟ್ ಹರಿದು ಕೊಟ್ಟ. ದಾರಿ ಒಂದೂವರೆ ತಾಸಿನದು. ನೇರ ಹೋಗಿದ್ದರೆ ಹನ್ನೊಂದರ ಒಳಗೆ ಅಕ್ಕನ ಹತ್ತಿರ ಇರುತ್ತಿದ್ದೆ.

ತೆಕ್ಕಲಕೋಟೆ ದಾಟಿದ ಮೇಲೆ ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿದ್ದರು. ಬಸ್ಸು ಒಂದೇ ಮಗ್ಗುಲಲ್ಲಿ ನಿಧಾನವಾಗಿ ಹೋಗುತ್ತಿತ್ತು. ಬಿಸಿಲು ಚುರುಗುಟ್ಟುತ್ತಿತ್ತು. ಸುಮ್ಮನೆ ಕೂತಿದ್ದಕ್ಕೋ ಏನೋ, ನನಗೆ ಅವ್ವ ನೆನಪಾದಳು. ಅವ್ವನೂ ಹೀಗೇ ಹೊಟ್ಟೆನೋವು ಅಂತ ಬಳ್ಳಾರಿಗೆ ಹೋದವಳು, ಆಪರೇಶನ್ನಿಗೆ ಒಳಗೆ ಹೋದವಳು ಮಾತಾಡುತ್ತಾ ಹೊರಗೆ ಬರಲಿಲ್ಲ. ಅವಳ ಹಣೆಗೆ ವಿಭೂತಿ ಹಚ್ಚದೇ ಕಳಿಸಿದ್ದೆವೆಂದು ಆಮೇಲೆ ಓಣಿಯ ಹೆಂಗಸರು ಆಡಿಕೊಂಡಿದ್ದರು. ಆ ಮಾತು ಇಷ್ಟು ವರ್ಷದ ಮೇಲೆ ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಬಂದು ಕೂತಿತು. ಬರಿಗೈಯಲ್ಲಿ ಹೋಗಬಾರದು ಅನ್ನಿಸಿತು. ಕುರುಗೋಡಿನ ದೊಡ್ಡಬಸವೇಶ್ವರ ನಮ್ಮ ಮನೆದೇವರು. ಕ್ರಾಸ್ ಬಂದದ್ದೇ ಎದ್ದು ನಿಂತೆ.

"ಯಮ್ಮಾ, ಬಳ್ಳಾರಿಗಲ್ಲೇನು ಟಿಕೆಟ್ ತಗೊಂಡಿದ್ದು?" ಎಂದ ಕಂಡಕ್ಟರು.

"ಕುರುಗೋಡಿಗೆ ಹೋಗಿ ಹೋಗ್ತೀನಪ್ಪ."

"ರೊಕ್ಕ ಕೊಟ್ಟಿದ್ರ ಇಳೀತಿದ್ದಿಲ್ಲ ನೀನು" ಎಂದು ಸೀಟಿ ಊದಿದ. ಬಸ್ಸಿನವರು ನಕ್ಕರು. ನಾನೂ ನಕ್ಕೆ.

ಕ್ರಾಸಿನಲ್ಲಿ ಟಂಟಂ ಆಟೋ ತುಂಬುವ ತನಕ ಕಾದೆ. ಡ್ರೈವರು ಮೂವತ್ತು ರೂಪಾಯಿ ತೆಗೆದುಕೊಂಡ. ಗುಡಿಗೆ ಹೋದಾಗ ಅಭಿಷೇಕ ನಡೆದಿತ್ತು. ಅಷ್ಟೆತ್ತರದ ಕಲ್ಲಿನ ಬಸವಣ್ಣನ ಮುಂದೆ ಕೂತರೆ ನನ್ನ ಭಯ ಸಣ್ಣದಾಗಿ ಕಾಣುತ್ತದೆ. ಆವತ್ತೂ ಹಾಗೇ ಆಯಿತು. ಎಷ್ಟು ಸಮಾಧಾನ ಆಯಿತೆಂದರೆ, ಏಳಲು ಮನಸ್ಸಾಗಲಿಲ್ಲ. ಮಂಗಳಾರತಿ ಆಗಲಿ, ಮುಗಿಸಿಕೊಂಡೇ ಹೋಗೋಣ ಎಂದು ಕೂತೆ.

ವಿಭೂತಿ ಕೊಡುವಾಗ ಪೂಜಾರಪ್ಪ ಕೇಳಿದರು, "ಯಾರ ಹೆಸರಿಲೆ ಬಂದೀಯವ್ವ?"

"ನಮ್ಮಕ್ಕನ ಹೆಸರಿಲೆ. ಇವತ್ತ ಆಪರೇಶನ್ ಐತ್ರಿ ಬಳ್ಳಾರ್ಯಾಗ."

"ಇವತ್ತ? ಮತ್ತ ಆಕಿ ಹತ್ರ ಯಾರದಾರ?"

ಮಗ ಇದ್ದಾನೆ ಎಂದೆ. ಅವರು ವಿಭೂತಿಯ ಪೊಟ್ಟಣ, ಕಾಯಿ, ಕೈಗೆ ಕಟ್ಟುವ ದಾರ ಎಲ್ಲವನ್ನೂ ಬೇಗಬೇಗನೆ ನನ್ನ ಸೆರಗಿಗೆ ಹಾಕಿ, ಬಸ್‌ ಸ್ಟ್ಯಾಂಡಿನ ಕಡೆ ಕೈ ತೋರಿಸಿದರು.

ಬಳ್ಳಾರಿ ಬಸ್ಸು ಆಗಷ್ಟೇ ಹೋಗಿತ್ತು. ಮುಂದಿನದು ಬರುವ ಹೊತ್ತಿಗೆ ಹನ್ನೆರಡು ದಾಟಿತ್ತು. ದಾರಿಯುದ್ದಕ್ಕೂ ಹೊಲ ನೋಡಲಿಲ್ಲ, ನೀರು ಕುಡಿಯಲಿಲ್ಲ. ಮಲ್ಲಿಗೆ ಹಚ್ಚಿದ ಫೋನು ಸುಮ್ಮನೆ ಬಡಿದುಕೊಳ್ಳುತ್ತಿತ್ತು, ಅವನು ಎತ್ತಲಿಲ್ಲ. ಕೋಟೆ ಗುಡ್ಡ ಕಂಡಾಗ ಜೀವ ಬಂದಂತಾಯಿತು. ಆಸ್ಪತ್ರೆಗೆ ಆಟೋದವನು ಎಂಬತ್ತು ಕೇಳಿದ, ಚೌಕಾಶಿ ಮಾಡದೆ ಹತ್ತಿದೆ.

ವಾರ್ಡಿನಲ್ಲಿ ಅಕ್ಕನ ಮಂಚ ಖಾಲಿಯಿತ್ತು. ಅದರ ಪಕ್ಕ, ತಲೆಯ ಮೇಲೆ ಸೆರಗು ಹೊದ್ದ ಹೆಂಗಸೊಬ್ಬಳು ಬಿಗಿಯಾಗಿ ನಿಂತಿದ್ದಳು. ಎರಡು ಅಂಗೈ ಕೂಡಿಸಿ ಎದೆಯ ಹತ್ತಿರ ಹಿಡಿದಿದ್ದಳು. ಅಂಗೈಯಲ್ಲಿ ಬಿಳಿ ಬಟ್ಟೆ, ಬಟ್ಟೆಯಲ್ಲಿ ಅಕ್ಕನ ಲಿಂಗ.

"ಸಿರುಗುಪ್ಪದಾಕಿ ನೀವೇನ್ರಿ?" ಎಂದಳು. "ನಿಮ್ಮ ದಾರಿ ನೋಡಿ ನೋಡಿ ಒಳಗ ಹೋದಳ್ರಿ ನಿಮ್ಮಕ್ಕ."

ಅವಳ ಹೆಸರು ಕಾಶಿಂಬಿ, ಪಕ್ಕದ ಮಂಚದ ಮುದುಕಿಯ ಸೊಸೆ. ಮಲ್ಲಿ ರಕ್ತ ತರಲು ಓಡಿದ್ದಾಗಲೇ ಒಳಗಿನಿಂದ ಕರೆ ಬಂದಿತ್ತಂತೆ. ಅಕ್ಕ ಬಾಗಿಲು ನೋಡಿದಳಂತೆ, ಸ್ವಲ್ಪ ತಡೀರಿ ಅಂದಳಂತೆ. ನರ್ಸು ಎರಡನೇ ಸಲ ಬಂದಾಗ ಅಕ್ಕ ಕಾಶಿಂಬಿಯ ಕಡೆ ತಿರುಗಿದಳಂತೆ.

"ನಾ ಹಿಡೀಬೌದೇನ್ರಿ ಅಂದೆ. ಕೈ ತೊಳಕೊಂಡು ಬಾ ಅಂದ್ಳು, ಅಷ್ಟ. ನೆಲಕ್ಕಿಡಬ್ಯಾಡ, ನಮ್ಮ ತಂಗಿ ಬರ್ತಾಳ, ಆಕಿ ಕೈಗೆ ಕೊಡು ಅಂದ್ಳು. ಅವಾಗಿಂದ ಹಿಂಗ ಅದೀನಿ."

"ನನಗ ನೀರು ಸೈತ ಕೊಟ್ಟಿಲ್ಲ" ಎಂದು ಮಂಚದ ಮೇಲಿನ ಮುದುಕಿ ಗೊಣಗಿತು. "ಕೇಳಿದ್ರ ಕೈ ಖಾಲಿ ಇಲ್ಲ ಅಂತಾಳ. ದೇವರು ಸಿಕ್ಕಮ್ಯಾಲೆ ಅತ್ತಿ ಯಾಕ ಬೇಕು."

"ಸುಮ್ಕಿರತ್ತಿ" ಎಂದಳು ಕಾಶಿಂಬಿ. ಮತ್ತೆ ನನಗೆ, "ನಿಮ್ಮ ದೇವರು ಹಗುರ ಅದಾನ್ರಿ. ಆದ್ರೂ ಕೈ ಜೋಮು ಹಿಡದಾವ."

ನಾನು ಕೈ ಚಾಚಲು ಹೋದೆ, ಆಗಲಿಲ್ಲ. ಎರಡೂ ಕೈ ತುಂಬಿದ್ದವು. ಕಾಯಿ, ದಾರ, ಪೊಟ್ಟಣ ಕಿಟಕಿಯಲ್ಲಿಟ್ಟು, ನಲ್ಲಿಯಲ್ಲಿ ಕೈ ತೊಳೆದುಕೊಂಡು ಬಂದು ಬೊಗಸೆಯೊಡ್ಡಿದೆ. ಲಿಂಗ ಬೆಚ್ಚಗಿತ್ತು, ಅವಳ ಕೈಯ ಬಿಸಿ. ಕಾಶಿಂಬಿ ಬೆರಳು ಮಡಚಿ ಬಿಚ್ಚಿ, ಅತ್ತೆಗೆ ನೀರು ಕುಡಿಸಿ, ತಣ್ಣಗಾದ ಚಹಾ ತಾನು ಕುಡಿದಳು.

ಉಪಕಾರ ಲೆಕ್ಕ ಹಾಕಿದರೆ ಬಹಳ ಇವೆ. ರಕ್ತ ಹೊತ್ತಿಗೆ ಸಿಕ್ಕಿತು. ಗಂಟು ಬಿಡಿಸಿ ಅಕ್ಕನನ್ನು ಜೀವಂತ ಹೊರಗೆ ತಂದರು. ಸಂಜೆ ಕಣ್ಣು ಬಿಟ್ಟು ನನ್ನನ್ನು ಗುರುತು ಹಿಡಿದಳು. ಲಿಂಗವನ್ನು ಅವಳ ಕೊರಳಿಗೆ ಕಟ್ಟಿ, ಹಣೆಗೆ ಕುರುಗೋಡಿನ ವಿಭೂತಿ ಹಚ್ಚಿದೆ.

"ಎಲ್ಲಿದು?" ಎಂದಳು. ಹೇಳಿದೆ.

ಅಕ್ಕ ಹಣೆಯ ವಿಭೂತಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಬಸವಣ್ಣ ಎಲ್ಲೂ ಹೋಗ್ತಿದ್ದಿಲ್ಲ ಪಾರಿ. ಹೋಗಾಕಿ ನಾನಿದ್ದೆ."

"ಒಳಗ ಬಾಳ ಹೆದರಿಕಿ ಆತೇನಕ್ಕ?"

"ಬಾಗಿಲ ತನಕ ಆತು. ಆಮ್ಯಾಲೆ, ಶಿವನ್ನ ಯಾರ ಕೈಯಾಗ ಬಿಟ್ರೂ ಅವ ಶಿವನ ಅಲ್ಲೇನು ಅಂದ್ಕೊಂಡೆ." ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಲಿಂಗ ಹಿಡಿಯಲು ಬರಿಗೈಯಲ್ಲಿ ಬಾ ಎಂದೇ ಅವಳು ಕರೆದಿದ್ದಳು. ನಾನು ಕ್ರಾಸಿನಲ್ಲಿ ಭಕ್ತಿ ಎಂದುಕೊಂಡು ಇಳಿದದ್ದು, ನಿಜಕ್ಕೂ ಹೆದರಿ ಇಳಿದದ್ದು.

ಮೂರನೆಯ ದಿನ ನೇರ ಬಸ್ಸಿಗೆ ಸಿರುಗುಪ್ಪಕ್ಕೆ ಬಂದೆ. ಕುರುಗೋಡು ಕ್ರಾಸಿನಲ್ಲಿ ಬಸ್ಸು ನಿಂತಾಗ ಕಣ್ಣು ಮುಚ್ಚಿ ಬಸವಣ್ಣನಿಗೆ ಕೂತಲ್ಲಿಂದಲೇ ಕೈ ಮುಗಿದೆ. ಮನೆಯಲ್ಲಿ ಯಜಮಾನರು ಆ ಮಂಡಾಳನ್ನು ಎಮ್ಮೆಗೆ ಹಾಕಿ ಬೋಗುಣಿ ಬೋರಲಿಟ್ಟಿದ್ದರು. ಹಸಿವಾಗಿತ್ತು. ಹೊಸ ಮಂಡಾಳನ್ನು ನೀರಿಗೆ ಹಾಕಿದೆ. ಹೊರಗೆ ಫೋನು ಬಡಿದುಕೊಂಡಿತು, ಕೈ ಖಾಲಿ ಇಲ್ಲ, ನೋಡ್ರಿ ಅಂತ ಯಜಮಾನರಿಗೆ ಕೂಗಿದೆ. ನೀರೊಳಗಿಂದ ಬೊಗಸೆ ತುಂಬ ಎತ್ತಿ, ಎರಡು ಅಂಗೈ ನಡುವೆ ಮೆಲ್ಲಗೆ ಹಿಂಡಿದೆ.