ನಮ್ಮ ಅತ್ತೆ ನೋಡುತ್ತಿದ್ದ ಏಳು ಗಂಟೆಯ ಧಾರಾವಾಹಿ

ನಮ್ಮ ಅತ್ತೆ ಲಿಂಗಕ್ಕನಿಗೆ ಟೀವಿ ನೋಡುವುದೆಂದರೆ ಸುಮ್ಮನೆ ಕೂತು ನೋಡುವುದಲ್ಲ, ಟೀವಿಯೊಳಗಿನವರ ಜೊತೆ ಜಗಳ ಆಡುವುದು. ತೆಲುಗು ನಾಡಿನ ಗಡಿಯಲ್ಲಿರುವ ಹೊಳಗುಂದದ ನಮ್ಮ ಓಣಿಯಲ್ಲಿ ಸಂಜೆ ಏಳಾದರೆ ಎಲ್ಲರ ಮನೆಯಿಂದಲೂ ಧಾರಾವಾಹಿಯ ಹಾಡು ಕೇಳುತ್ತದೆ. ನಮ್ಮ ಮನೆಯಿಂದ ಮಾತ್ರ ಹಾಡನ್ನೂ ಮೀರಿ ಅತ್ತೆಯ ದನಿ ಕೇಳುತ್ತಿತ್ತು. "ಬಾಗ್ಲಾ ಹಾಕ್ಕೊಂಡು ಮಾತಾಡ್ರಲೇ! ಅಷ್ಟು ದೊಡ್ಡ ಮನಿ ಕಟ್ಟಿಸೀರಿ, ಒಂದು ಚಿಲಕ ಹಾಕ್ಸಾಕ ಆಗ್ಲಿಲ್ಲೇನು? ಆಕಿ ಹಿಂದ ನಿಂತು ಎಲ್ಲಾ ಕೇಳಾಕ ಹತ್ಯಾಳ!"

ನಾನು ಆ ಮನೆಯ ಸೊಸೆ, ಶಿವಲಕ್ಷ್ಮಿ. ಈಗ ಆ ಮನೆಯಲ್ಲಿ ಇಲ್ಲ, ಇಲ್ಲದಿರುವುದು ಅತ್ತೆಯ ದಯೆಯಿಂದ. ಮನೆ ಬಿಡಿಸಿದ ಅತ್ತೆಗೆ ಸೊಸೆ ಕೈಮುಗಿಯುತ್ತಾಳೆ ಎಂದರೆ ಕೇಳುವವರಿಗೆ ವಿಚಿತ್ರ ಅನಿಸಬಹುದು. ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ಅತ್ತೆಗೆ ಓದು ಬರೆಹ ಬಾರದು, ಆದರೆ ಅಭಿಪ್ರಾಯಕ್ಕೆ ಯಾವತ್ತೂ ಕೊರತೆಯಿಲ್ಲ. ಧಾರಾವಾಹಿಯಾಗಲಿ ಸಿನಿಮಾ ಆಗಲಿ, ಅದರಲ್ಲಿ ಜನ ನೆಟ್ಟಗೆ ಊಟ ಮುಗಿಸುತ್ತಾರೋ ಇಲ್ಲವೋ ಎಂಬುದೇ ಆಕೆಯ ಮೊದಲ ಪರೀಕ್ಷೆ. ಧಾರಾವಾಹಿಯ ಮನೆಗಳಲ್ಲಿ ಮೇಜಿನ ತುಂಬ ಬಗೆಬಗೆಯ ಅಡುಗೆ ಇಟ್ಟಿರುತ್ತಾರೆ. ಮೊದಲ ತುತ್ತು ಬಾಯಿಗೆ ಹೋಗುವ ಮುಂಚೆ ಯಾರೋ ಬಂದು ಏನೋ ಕೆಟ್ಟ ಸುದ್ದಿ ಹೇಳುತ್ತಾರೆ, ಎಲ್ಲರೂ ಎದ್ದು ನಿಲ್ಲುತ್ತಾರೆ. ಅತ್ತೆಗೆ ಮೈಯೆಲ್ಲ ಉರಿದುಹೋಗುತ್ತಿತ್ತು. "ಉಣ್ಣಾಕ ಕುಂತೋರನ್ನ ಎಬ್ಬಿಸ್ತೀರಲ್ಲ, ಒಂದು ತಾಸು ತಡದು ಹೇಳಿದ್ರ ನಿಮ್ಮ ಗಂಟೇನು ಹೋಗತೈತಿ?"

ಆದೋನಿಯ ಟಾಕೀಸಿನಲ್ಲಿ ಒಮ್ಮೆ ಹೊಡೆದಾಟದ ದೊಡ್ಡ ಸಿನಿಮಾ ತೋರಿಸಿದ್ದೆವು. ಹೀರೋ ಒಬ್ಬನೇ ಊರಿಗೆ ಊರನ್ನೇ ಬಡಿದು ಹಾಕಿದ. ಜನ ಸೀಟಿ ಹೊಡೆಯುತ್ತಿದ್ದರೆ ಅತ್ತೆ ನನ್ನ ಕಿವಿಯಲ್ಲಿ, "ಅಂಗಿ ಮ್ಯಾಲಿನ ರಗತ ತೊಳಿಯೋರು ಯಾರು? ಅವರವ್ವನ್ನ ತೋರಸ್ಲೇ ಇಲ್ಲಲ್ಲ" ಅಂದಳು. ಕೊನೆಗೆ ಉಳಿದ ಕಥೆ ಎರಡನೇ ಭಾಗದಲ್ಲಿ ಎಂದು ಬಂದಾಗ, "ಅರ್ಧ ಬಡಿಸಿ ಎಲಿ ಎತ್ತಿಬಿಟ್ರು ನೋಡು" ಎಂದು ಸೆರಗು ಕೊಡವಿ ಎದ್ದಳು. ಅದೇ ನನ್ನ ಫೋನಿನಲ್ಲಿ ನೋಡಿದ ಒಂದು ಸಣ್ಣ ಸಿನಿಮಾದಲ್ಲಿ ಮುದುಕನೊಬ್ಬ ಉಂಡು, ತಾಟಿಗೆ ನೀರು ಹಾಕಿ ತೊಳೆದು ಕುಡಿದ. ಅದನ್ನು ಓಣಿಯವರಿಗೆಲ್ಲ ಶಿಫಾರಸು ಮಾಡಿದಳು. ಅದರ ಕಥೆ ಏನು ಎಂದು ಕೇಳಿದವರಿಗೆ, "ಕತಿ ಇರ್ಲಿ, ಅವ ಉಂಡಿದ್ದು ನೋಡ್ರಿ" ಎನ್ನುತ್ತಿದ್ದಳು.

ನನ್ನ ಗಂಡ ತಿರುಮಲೇಶ್ ಅತ್ತೆ ಮಾವನಿಗೆ ಒಬ್ಬನೇ ಮಗ. ಮದುವೆಯಾದ ಎರಡನೇ ವರ್ಷ ಆದೋನಿಯಲ್ಲಿ ಹತ್ತಿ ಮಾರಿ ಬೈಕಿನಲ್ಲಿ ವಾಪಸು ಬರುವಾಗ ಅಪಘಾತವಾಗಿ ದಾರಿಯಲ್ಲೇ ಹೋಗಿಬಿಟ್ಟ. ನಮಗೆ ಮಕ್ಕಳಿರಲಿಲ್ಲ. ಮಾವ ನರಸಪ್ಪ ಬೆಳಿಗ್ಗೆ ಕುರಿ ಹೊಡೆದುಕೊಂಡು ಹೋದರೆ ಸಂಜೆ ಬರುತ್ತಿದ್ದರು. ಬಂದರೂ ಮಾತಿಲ್ಲ. ಮೂವರೂ ಮೂರು ಮೂಲೆಯಲ್ಲಿ ಕೂತಿರುತ್ತಿದ್ದೆವು. ಎಷ್ಟೋ ತಿಂಗಳು ಟೀವಿಯ ಮೇಲೆ ಬಟ್ಟೆ ಹೊದಿಸಿಯೇ ಇತ್ತು. ಒಂದು ಸಂಜೆ ಅತ್ತೆ ಎದ್ದು ಬಟ್ಟೆ ತೆಗೆದು, "ಯಾರರೆ ಮಾತಾಡ್ಲಿ ಬಿಡ್ರಿ ಈ ಮನ್ಯಾಗ" ಎಂದು ಟೀವಿ ಹಚ್ಚಿದಳು. ಆವತ್ತು ನನಗೆ ಉಸಿರು ಬಂದ ಹಾಗಾಯಿತು.

ಏಳು ಗಂಟೆಗೆ ಬರುತ್ತಿದ್ದದ್ದು ಚಂದನಾ ಎಂಬ ಸೊಸೆಯ ಕಥೆ. ಗಂಡ ಹಡಗು ಮುಳುಗಿ ಸತ್ತಿದ್ದಾನೆ, ಅವಳು ಅತ್ತೆ ಮಾವನ ಮನೆಯಲ್ಲಿ ಅಳುತ್ತ ಇದ್ದಾಳೆ. ಅವಳನ್ನು ಮದುವೆಯಾಗಲು ಒಬ್ಬ ಒಳ್ಳೆಯವನು ಕಾದಿದ್ದಾನೆ, ಮೀಸೆಯ ಮಾವ ಒಪ್ಪುತ್ತಿಲ್ಲ. ನಮ್ಮ ಓಣಿಯಲ್ಲಿ ಈ ಕಥೆ ಎರಡು ಸಲ ನಡೆಯುತ್ತಿತ್ತು. ಮೊದಲು ತೆಲುಗಿನಲ್ಲಿ ಬಂದದ್ದನ್ನೇ ಬೇರೆ ಮುಖಗಳನ್ನಿಟ್ಟು ಕನ್ನಡದಲ್ಲಿ ತೆಗೆದಿದ್ದರು. ಪಕ್ಕದ ಮನೆಯ ಮಹಾಂತಮ್ಮ ತೆಲುಗಿನದು ನೋಡುತ್ತಿದ್ದಳು, ನಾವು ಕನ್ನಡದ್ದು. ತೆಲುಗಿನದು ಎಷ್ಟೋ ಕಂತು ಮುಂದಿತ್ತು. ಹೀಗಾಗಿ ಚಂದನಾಳ ಹಣೆಬರಹ ಮಹಾಂತಮ್ಮನಿಗೆ ಮೊದಲೇ ಗೊತ್ತಿರುತ್ತಿತ್ತು. ನೀರು ಹಿಡಿಯುವಾಗ ನಲ್ಲಿಯ ಹತ್ತಿರ ಎಲ್ಲ ಹೇಳಿಬಿಡುತ್ತಿದ್ದಳು, ಅದು ಒಂದು ದಿನವೂ ತಪ್ಪಿರಲಿಲ್ಲ.

ಚಂದನಾ ಅತ್ತಾಗೆಲ್ಲ ಅತ್ತೆ ಬೈಯುತ್ತಿದ್ದಳು. "ದಿನಾ ಅಳ್ತಿಯಲ್ಲೇ, ಮೂಗರೆ ಒರಸ್ಕೋ. ಗಂಡ ಹ್ವಾದ, ಖರೇ. ನೀ ಹೋಗಿಲ್ಲಲ್ಲ? ಉಣ್ಣು, ತಿನ್ನು, ಕರಿಯೋರ ಮನಿಗೆ ಹೋಗು." ಆ ಮಾತುಗಳು ಟೀವಿಗೆ ಹೇಳಿದವಲ್ಲ ಎಂದು ನನಗೆ ಬೇಗನೇ ತಿಳಿಯಿತು. ಜೋಳ ಹಸನು ಮಾಡುತ್ತ ತಲೆ ತಗ್ಗಿಸಿ ಕೇಳುತ್ತಿದ್ದೆ. ನೇರವಾಗಿ ಹೇಳಲು ಆಕೆಗೆ ಬಾಯಿ ಬರುತ್ತಿರಲಿಲ್ಲ. ಹೆತ್ತ ಮಗನ ಹೆಂಡತಿಗೆ ಇನ್ನೊಂದು ಮನೆಗೆ ಹೋಗು ಎಂದು ಯಾವ ತಾಯಿ ಹೇಳಿಯಾಳು?

ಮಾವ ಟೀವಿ ನೋಡುವವರಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ಏಳು ಗಂಟೆಗೆ ಸರಿಯಾಗಿ ಹೊರಗಿನ ಕಟ್ಟೆಯ ಮೇಲೆ ನಮಗೆ ಬೆನ್ನು ಮಾಡಿ ಕೂರುವರು. ಶಬ್ದ ಸ್ವಲ್ಪ ಕಡಿಮೆ ಮಾಡಿದರೆ ಮಾತ್ರ ಜೋರಾಗಿ ಕೆಮ್ಮುವರು.

ನಮ್ಮವರಲ್ಲಿ ಉಡಿಕೆ ಇದೆ. ಗಂಡ ತೀರಿಕೊಂಡವಳಿಗೆ ಹೊಸ ಸೀರೆ ಉಡಿಸಿ ಇನ್ನೊಂದು ಮನೆಗೆ ಕಳಿಸುವ ಪದ್ಧತಿ ಅದು. ವಾಲಗ, ಚಪ್ಪರ ಏನೂ ಇರುವುದಿಲ್ಲ. ಆದರೆ ತೀರಿಕೊಂಡವನ ತಂದೆ ಹೆಣ್ಣಿನ ತವರಿನವರ ಕೈಗೆ ಎಲೆ ಅಡಿಕೆ ಕೊಟ್ಟು "ಬಿಟ್ಟೀವಿ" ಎನ್ನಬೇಕು. ಅವರು ಕೊಡದಿದ್ದರೆ ಕೆಲಸ ಮುಂದೆ ಹೋಗದು. ಹಾಲಹರ್ವಿಯಲ್ಲಿರುವ ನನ್ನ ಅಣ್ಣ ರಾಮಾಂಜಿ ಒಂದು ಸಂಬಂಧ ನೋಡಿದ್ದ. ಗೋನೆಗಂಡ್ಲದಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಲಕ್ಷ್ಮಿಕಾಂತ್, ಹೆಂಡತಿ ತೀರಿಕೊಂಡವರು. ಅಣ್ಣನ ಮನೆಯಲ್ಲಿ ಒಮ್ಮೆ ಅವರನ್ನು ನೋಡಿದ್ದೆ. ಹುಬ್ಬಿಗೆ ಹಿಟ್ಟು ಹತ್ತಿತ್ತು. "ನಿಮಗ ಮನಸೈತೋ, ಇಲ್ಲಾ ನಿಮ್ಮಣ್ಣನ ಬಲವಂತನೋ?" ಎಂದು ಕೇಳಿದರು. ನನಗೆ ಮನಸ್ಸಿತ್ತು, ಅದನ್ನು ಹೇಳಲು ನಾಚಿಕೆ. ಆದರೆ ಅಣ್ಣ ಎರಡು ಸಲ ಬಂದು ಕೇಳಿದಾಗಲೂ ಮಾವ, "ನಮ್ಮ ಸೊಸಿ ಎಲ್ಲಿಗೂ ಹೋಗಂಗಿಲ್ಲ" ಎಂದು ಟವೆಲು ಹೆಗಲಿಗೆ ಹಾಕಿಕೊಂಡು ಕುರಿಹಟ್ಟಿಯ ಕಡೆ ನಡೆದುಬಿಟ್ಟಿದ್ದರು. ಆ ಗಿರಣಿಯವರು ಎಷ್ಟು ದಿನ ಅಂತ ಕಾದಾರು? ಶ್ರಾವಣಕ್ಕೆ ಮುಂಚೆ ಒಂದು ಮಾತು ಹೇಳಿ ಎಂದು ಕೇಳಿದ್ದರು.

ಅಷ್ಟರಲ್ಲಿ ಮಹಾಂತಮ್ಮ ನಲ್ಲಿಯ ಹತ್ತಿರ ಸುದ್ದಿ ತಂದಳು. "ಲಿಂಗಕ್ಕಾ, ತೆಲುಗುನ್ಯಾಗ ಚಂದನಾ ಪೆಳ್ಳಿ ಅಯಿಪೋಯಿಂದಿ! ಮದಿವಿ ಮುಗದೈತಿ! ಆ ಮೀಸಿ ಮಾವ ಅದಾನಲ್ಲ, ಅವನೇ ಕೈ ಹಿಡದು ಆಕಿನ ಮಂಟಪಕ್ಕ ಕರ್ಕೊಂಡು ಬಂದ. ನಾ ಅತ್ತೂ ಅತ್ತೂ ಸಾಕಾದೆ."

ಅತ್ತೆಯ ಕೈಯಲ್ಲಿದ್ದ ಕೊಡ ಅಲ್ಲೇ ನಿಂತಿತು. ಕನ್ನಡದಲ್ಲಿ ಆ ಮದುವೆ ಬರುತ್ತದೆಂದು ಟೀವಿಯಲ್ಲಿ ಸಾರಿದ ದಿನಕ್ಕೆ ಆಕೆ ಎಲ್ಲವನ್ನೂ ಹೂಡಿದಳು. ಅಣ್ಣನಿಗೆ ಫೋನು ಮಾಡಿಸಿ ಆ ಸಂಜೆ ಬರಹೇಳಿದಳು. ಮಹಾಂತಮ್ಮನನ್ನೂ ಕರೆದಳು. ಮಂಡಕ್ಕಿಯ ಉಗ್ಗಾಣಿ ಮಾಡಿ ಮೆಣಸಿನಕಾಯಿ ಬಜ್ಜಿ ಕರಿದಳು. ಎಲೆ ಅಡಿಕೆಯ ತಟ್ಟೆಯನ್ನು ಸದ್ದಿಲ್ಲದೆ ಟೀವಿಯ ಪಕ್ಕ ಇಟ್ಟಳು. ಟೀವಿಯ ಮಾವ ಕರಗುವುದನ್ನು ನೋಡಿ ನಮ್ಮ ಮಾವ ಕರಗಬೇಕು, ಕರಗಿದ ಆ ಗಳಿಗೆಯಲ್ಲೇ ಅಣ್ಣ ಕೇಳಬೇಕು. ಎರಡು ಭಾಷೆಯ ಟೀವಿ ಇರುವ ನಮ್ಮಂಥ ಊರಿನವರಿಗೆ ಮಾತ್ರ ಹೊಳೆಯುವ ಉಪಾಯ ಅದು.

ಧಾರಾವಾಹಿ ಶುರುವಾಯಿತು. ಮಾವ ಕಟ್ಟೆಯ ಮೇಲೆ ಕೂತೇ ಉಗ್ಗಾಣಿ ತಿಂದರು. ಟೀವಿಯಲ್ಲಿ ಮೀಸೆಯ ಮಾವ ಚಂದನಾಳ ಕೋಣೆಗೆ ಹೋಗಿ, "ನೀನು ನನ್ನ ಸೊಸೆಯಲ್ಲಮ್ಮ, ಮಗಳು" ಎಂದ. ಕಟ್ಟೆಯ ಮೇಲಿನ ಬೆನ್ನು ಸ್ವಲ್ಪ ತಿರುಗಿತು. ಅವನು ಅವಳ ಕೈ ಹಿಡಿದು ನಡೆಸಿಕೊಂಡು ಬರುವಾಗ ನಮ್ಮ ಮಾವ ಹೊಸಿಲಿನ ಒಳಗಿದ್ದರು. ಟವೆಲಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದರು. ಅತ್ತೆ ಬಾಯಿ ಬಿಗಿಹಿಡಿದು ಕೂತಿದ್ದಳು, ಒಂದು ಬೈಗುಳವಿಲ್ಲ. ಅಣ್ಣ ಗಂಟಲು ಸರಿಮಾಡಿಕೊಂಡ.

ತಾಳಿ ಕೈಗೆ ಬಂತು. ಆಗ "ನಿಲ್ಲಿಸಿ!" ಎಂದು ಯಾರೋ ಕೂಗಿದರು. ಕಲ್ಯಾಣ ಮಂಟಪದ ಬಾಗಿಲಲ್ಲಿ ಗಡ್ಡ ಬಿಟ್ಟುಕೊಂಡು, ಹಣೆಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದವನು ಚಂದನಾಳ ಸತ್ತ ಗಂಡ.

ಮಂಟಪದಲ್ಲಿದ್ದ ಒಬ್ಬೊಬ್ಬರ ಮುಖವನ್ನೂ ಮತ್ತೆ ಮತ್ತೆ ತೋರಿಸಿದರು. ನಮ್ಮ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮಹಾಂತಮ್ಮ ಮಾತ್ರ ತಲೆಯ ಮೇಲೆ ಕೈ ಇಟ್ಟುಕೊಂಡು, "ಅಯ್ಯೋ ದೇವುಡಾ! ತೆಲುಗುನ್ಯಾಗ ಹಿಂಗಿಲ್ಲಕ್ಕಾ! ನನ್ನಾಣಿ, ಹಿಂಗಿಲ್ಲ!" ಎಂದು ಆಣೆ ಇಟ್ಟಳು. ಕನ್ನಡದವರು ಕಥೆ ತಿರುಗಿಸಿಬಿಟ್ಟಿದ್ದರು.

ಮಾವ ಟವೆಲು ಕೆಳಗಿಳಿಸಿದರು. ಅವರ ಮುಖದಲ್ಲಿ ಎಂಥದೋ ಬೆಳಕು ಬಂದಿತ್ತು, ನನಗೆ ಅದನ್ನು ನೋಡಲಾಗಲಿಲ್ಲ. "ನೋಡಿದ್ರಿಲ್ಲ?" ಎಂದರು. "ಅವಸರ ಮಾಡಿದ್ರ ಹಿಂಗ ಆಗತೈತಿ. ಅವ ಬಂದ. ಬಂದಾನ ನೋಡು."

ಅಣ್ಣ ತಲೆ ತಗ್ಗಿಸಿ ಚಪ್ಪಲಿ ಹುಡುಕಲು ಎದ್ದ. ನಾನು ತಾಟುಗಳನ್ನು ಎತ್ತತೊಡಗಿದೆ. ಇನ್ನು ಮುಗಿಯಿತು ಎಂದುಕೊಂಡೆ. ಇಡೀ ಜನ್ಮ ಇದೇ ಮೂಲೆಯಲ್ಲಿ ಜೋಳ ಹಸನು ಮಾಡುತ್ತ ಕೂರುವುದು ಎಂದುಕೊಂಡೆ. ಒಬ್ಬ ಧಾರಾವಾಹಿ ಬರೆಯುವವನ ಮೇಲೆ ಅಷ್ಟು ಸಿಟ್ಟು ನನಗೆ ಅದೇ ಮೊದಲು, ಅದೇ ಕೊನೆ.

ಅತ್ತೆ ಎದ್ದು ಟೀವಿ ಆರಿಸಿದಳು. ನಾಳಿನ ಕಂತಿನ ತುಣುಕು ನೋಡದೆ ಆಕೆ ಟೀವಿ ಆರಿಸಿದ್ದನ್ನು ನಾನು ಕಂಡಿರಲಿಲ್ಲ. ಬಂದು ಮಾವನ ಎದುರಿಗೆ ನೆಲದ ಮೇಲೆ ಕೂತಳು.

"ಏನ್ರಿ, ಅವ ಬಂದ. ಟೀವ್ಯಾಗಿನವ ಅವ. ನಮ್ಮ ತಿರುಮಲೇಶ ಬರಂಗಿಲ್ಲ" ಎಂದಳು. ದನಿ ಎತ್ತರಿಸಲೇ ಇಲ್ಲ. "ಅವನ ಮೈಗೆ ನಾನೇ ನೀರು ಹಾಕೀನಿ. ನೀವೇ ಮಣ್ಣು ಕೊಟ್ಟು ಬಂದೀರಿ. ಈ ಹುಡುಗಿ ಇಲ್ಲೇ ಕುಂತು ಯಾರನ್ನ ಕಾಯಬೇಕ್ರಿ? ನಿಮ್ಮನ್ನೇನು, ನನ್ನನ್ನೇನು?"

ಮಾವ ಏನೋ ಹೇಳಹೋದರು. ಅತ್ತೆ ಕೈ ಅಡ್ಡ ಹಿಡಿದಳು.

"ನನಗೂ ಬೇಕ್ರಿ ಆಕಿ. ಆಕಿ ಹೋದ್ರ ನನ್ನ ಜೋಡಿ ಕುಂತು ಟೀವಿ ನೋಡೋರು ಯಾರದಾರ? ನನ್ನ ಹೊಟ್ಟಿ ಉರಿಯಾಕ ಹತ್ತೈತಿ. ಆದ್ರೂ ಹೇಳಾಕ ಹತ್ತೀನಿ, ಕಳಸ್ರಿ. ನಮಗ ಮಗ ಇಲ್ಲಂದ್ರ ಆಕಿಗೆ ಸಂಸಾರ ಇರಬಾರದು ಅಂತ ಎಲ್ಲೈತಿ?"

ಮಾವ ಟವೆಲನ್ನು ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. ಗಂಡ ಹೋದಮೇಲೆ ಅವರು ನನ್ನ ಮುಖವನ್ನು ಸರಿಯಾಗಿ ನೋಡಿದ್ದೇ ಇರಲಿಲ್ಲ.

"ಅವ್ವಾ, ನಿನಗ ಮನಸೈತೇನು?"

ತಾಟುಗಳು ಇನ್ನೂ ಕೈಯಲ್ಲೇ ಇದ್ದವು. ಸುಳ್ಳು ಹೇಳಿ ಅವರನ್ನು ಸಂತೋಷಪಡಿಸಬಹುದಿತ್ತು. ಅತ್ತೆ ತನ್ನ ಕರುಳು ಕಿತ್ತು ಆ ಮಾತು ಆಡಿದ ಮೇಲೆ ನಾನು ಹಾಗೆ ಮಾಡಿದರೆ ಆಕೆಗೆ ದ್ರೋಹವಾಗುತ್ತಿತ್ತು.

"ಐತಿ, ಮಾವಾ" ಎಂದೆ.

ಅವರು ತಲೆಯಾಡಿಸಿದರು. "ರಾಮಾಂಜಿ, ಕುಂದ್ರಪ್ಪ" ಎಂದರು. ಅತ್ತೆ ಟೀವಿಯ ಪಕ್ಕದಿಂದ ತಟ್ಟೆ ತಂದಿಟ್ಟಳು. ಎಲೆ ಅಡಿಕೆ ಅಣ್ಣನ ಕೈಗೆ ಇಡುವಾಗ ಮಾವನ ಕೈಯಿಂದ ಒಂದು ಅಡಿಕೆ ಕೆಳಗೆ ಬಿತ್ತು. "ಬಿಟ್ಟೀವಿ" ಎಂಬ ಮಾತು ಪೂರ್ತಿ ಹೊರಗೆ ಬರಲಿಲ್ಲ. ಆದರೂ ಎಲ್ಲರಿಗೂ ಕೇಳಿಸಿತು.

ನನ್ನ ತಾಯಿ ಇಲ್ಲ. ಉಡಿಕೆಯ ದಿನ ಹೊಸ ಸೀರೆ ಉಡಿಸಿದ್ದು ಅತ್ತೆಯೇ. ನಿರಿಗೆ ಹಿಡಿಯುವಾಗ, "ಸಣ್ಣವು ಹಿಡಿಬ್ಯಾಡ, ಟೀವ್ಯಾಗಿನೋರಂಗ ಕಾಣ್ತಿ" ಎಂದು ಬೈದಳು. ನಾನು ನಕ್ಕೆ, ಅತ್ತೆಯೂ ನಕ್ಕಳು, ಆಮೇಲೆ ಇಬ್ಬರೂ ಅತ್ತೆವು.

ಗೋನೆಗಂಡ್ಲದಲ್ಲಿ ಈಗ ನನಗೆ ಒಳ್ಳೆಯ ಬಾಳು. ಗಿರಣಿಯ ಸದ್ದಿನಲ್ಲಿ ಟೀವಿ ಕೇಳಿಸುವುದಿಲ್ಲ ಎಂಬುದೊಂದೇ ಕೊರತೆ. ಅತ್ತೆಗೆ ಎರಡು ದಿನಕ್ಕೊಮ್ಮೆ ಫೋನು ಮಾಡಿದರೆ ಹೊಸ ಸಿನಿಮಾಗಳನ್ನೆಲ್ಲ ಜಾಲಾಡುತ್ತಾಳೆ. ಚಂದನಾಳ ಸುದ್ದಿ ಮಾತ್ರ ಎತ್ತುವುದಿಲ್ಲ.

ಹೋದ ಶ್ರಾವಣದಲ್ಲಿ ಉರುಕುಂದದ ಜಾತ್ರೆಗೆ ಹೋಗಿದ್ದ ಅತ್ತೆ ಮಾವ ಬರುವಾಗ ನಮ್ಮಲ್ಲಿ ಉಳಿದರು. ಸಂಜೆ ಮಾವ ಗಿರಣಿಯಲ್ಲಿ ನನ್ನ ಗಂಡನ ಜೊತೆ ಮಾತಾಡುತ್ತ ನಿಂತಿದ್ದರು. ಏಳಾಯಿತು, ಅತ್ತೆಗೆಂದು ನಾನು ಟೀವಿ ಹಚ್ಚಿದೆ.

"ಅದು ಬ್ಯಾಡ. ಬ್ಯಾರೇದು ಹಾಕು" ಎಂದಳು.

"ಯಾಕ ಅತ್ತೀ? ಚಂದನಾ ಜೋಡಿ ಜಗಳಾಡಿ ಸೋತಿಯೇನು?"

ಆಕೆ ಗಿರಣಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಅವತ್ತಿಂದ ನಾ ಅದನ್ನ ನೋಡಿಲ್ಲವ್ವಾ. ಅವತ್ತು ಆ ಸತ್ತವ ಬಾಗ್ಲಾಗ ಬಂದು ನಿಂತನಲ್ಲ, ನಾನೂ ಹೊಳ್ಳಿ ನಮ್ಮ ಬಾಗ್ಲಾ ನೋಡಿಬಿಟ್ಟೆ."

ನಾನು ಟೀವಿಯ ಶಬ್ದ ಕಡಿಮೆ ಮಾಡಿದೆ.

"ಯಾರೂ ಇರಲಿಲ್ಲ" ಎಂದಳು ಅತ್ತೆ. "ಈ ಕಡಿ ತಿರುಗಿದ್ರ ನೀ ತಾಟು ಎತ್ತಾಕ ಹತ್ತಿದ್ದಿ."

ಅವತ್ತು ಆಕೆ ಎದ್ದು ಟೀವಿ ಆರಿಸಿದ್ದು ಅದನ್ನು ಕಂಡ ಮೇಲೆಯೇ. ನಾನು ಚಾನೆಲ್ ಬದಲಿಸಿ, ಆಕೆಯ ಪಕ್ಕ ಹೋಗಿ, ಆಕೆಯ ಕೈ ಹಿಡಿದುಕೊಂಡು ಕೂತೆ.