ಊಟಕ್ಕೆ ಹೆದರಿದವನ ಹೆಂಡತಿ

ಶಿವಾಜಿನಗರದಲ್ಲಿ ಲಾರಿ ರೇಡಿಯೇಟರ್ ರಿಪೇರಿ ಮಾಡುತ್ತಿದ್ದ ಅಸ್ಗರ್ ಮನೆಯ ಊಟ ಬಿಟ್ಟದ್ದು ೨೦೦೧ರ ಬೇಸಗೆಯಲ್ಲಿ. ಎರಡು ತುತ್ತು ತಿಂದು ತಟ್ಟೆ ಸರಿಸಿ ಎದ್ದುಬಿಡುತ್ತಿದ್ದ. ಹೆಂಡತಿ ಮಜೀದಾಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಚಪ್ಪರಿಸಿ ತಿಂದ ಬಾಯಿಗೆ ಈಗ ತನ್ನ ಕೈರುಚಿ ಬೇಡವಾಯಿತೆ? ಬೇರೆ ಯಾರದೋ ಮನೆಯಲ್ಲಿ ಉಣ್ಣುತ್ತಿದ್ದಾನೆಂಬ ಅನುಮಾನ ಹೊಕ್ಕಿತು. ಒಂದು ಮಧ್ಯಾಹ್ನ ಬುರ್ಖಾ ತೊಟ್ಟು ಹೇಳದೆ ಕೇಳದೆ ಅಂಗಡಿಗೇ ಹೋದಳು.

ಅರ್ಧ ತಿಂದ ಬನ್ನು ಮೇಜಿನ ಮೇಲಿತ್ತು. ಅಸ್ಗರ್ ತಗಡಿನ ರಾಶಿಯ ಹಿಂದೆ ಮಂಡಿಗಳನ್ನು ಎದೆಗೊತ್ತಿಕೊಂಡು, ಹಲ್ಲು ಕಚ್ಚಿ ನರಳುತ್ತಿದ್ದ.

"ನಂಗ್ಯಾಕ್ ಹೇಳ್ಲಿಲ್ಲ?"

"ತಿಂದ್ರೆ ಕರುಳು ಹಿಂಡ್ದಂಗಾಗುತ್ತೆ. ತಿನ್ನದಿದ್ರೆ ಏನೂ ಇಲ್ಲ. ಮಗಳ ಮದುವೆ ಮುಗೀಲಿ ಅಂತ ಸುಮ್ನಿದ್ದೆ."

ಒಬ್ಬ ವೈದ್ಯರು ಗ್ಯಾಸ್ ಎಂದರು, ಇನ್ನೊಬ್ಬರು ಅಲ್ಸರ್ ಎಂದರು. ಗಂಟಲಿಗೆ ಕೊಳವೆ ಇಳಿಸಿ ನೋಡಿದರೆ ಹುಣ್ಣೇ ಇರಲಿಲ್ಲ. ಅಷ್ಟರಲ್ಲಿ ಅವನು ಪ್ಯಾಂಟಿಗೆ ಹಗ್ಗ ಕಟ್ಟಿಕೊಳ್ಳುವಷ್ಟು ಸೊರಗಿದ್ದ. ಕೊನೆಗೆ ದಿವ್ಯ ಎಂಬ ವೈದ್ಯೆ ಅವನ ಬೀಡಿಯ ಚಟ ವಿಚಾರಿಸಿ, ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿ, ಸ್ಕ್ಯಾನ್‌ಗೆ ಕಳಿಸಿದಳು.

"ಎದೆಯಿಂದ ಇಳಿಯೋ ದೊಡ್ಡ ರಕ್ತನಾಳದಿಂದ ಜೀರ್ಣಾಂಗಕ್ಕೆ ಮೂರು ಕವಲು ಹೋಗುತ್ವೆ. ಮೇಲಿಂದು ಜಠರಕ್ಕೆ, ಕೆಳಗಿಂದು ದೊಡ್ಡ ಕರುಳಿನ ಕೊನೆ ಭಾಗಕ್ಕೆ. ಅವೆರಡೂ ಮುಚ್ಚಿಹೋಗಿವೆ. ಸಣ್ಣ ಕರುಳಿಗೆ ರಕ್ತ ಕೊಡೋ ನಡುವಿನ ಕವಲಲ್ಲೂ ಕೂದಲೆಳೆಯಷ್ಟು ದಾರಿ ಇದೆ, ಅಷ್ಟೇ. ಊಟ ಮಾಡಿದಾಗ ಕರುಳು ಜಾಸ್ತಿ ರಕ್ತ ಕೇಳುತ್ತೆ. ಸಿಗಲ್ಲ. ಅದಕ್ಕೇ ಆ ನೋವು."

"ಊದಿ ಕ್ಲೀನ್ ಮಾಡೋಕಾಗಲ್ವಾ, ಮೇಡಂ? ನನ್ ಕೆಲ್ಸಾನೇ ಅದು," ಎಂದು ಅಸ್ಗರ್ ನಕ್ಕ. ದಿವ್ಯ ನಗಲಿಲ್ಲ. ಆಪರೇಷನ್ ಮುಂದಿನ ವಾರ ಎಂದಳು.

ಆ ಭಾನುವಾರ ಮಗಳು ಮಹೀನ್‌ಳ ನಿಶ್ಚಿತಾರ್ಥ. ಬೀಗರ ಕಡೆಯ ಹಿರಿಯರೊಬ್ಬರು, "ಹುಡುಗಿ ತಂದೇನೇ ಊಟ ಮುಟ್ಟಲ್ಲ ಅಂದ್ರೆ ನಾವ್ ಹೆಂಗ್ ತಿನ್ನೋದು?" ಎಂದು ಮುಖ ಗಂಟಿಕ್ಕಿದರು. ಮಜೀದಾ ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು: "ನಾಲ್ಕು ತುತ್ತು ತಿನ್ರಿ. ಅವಳ ಮುಖ ನೋಡ್ಕೊಂಡಾದ್ರೂ." ಅಸ್ಗರ್ ತಟ್ಟೆಯನ್ನು ಹತ್ತಿರ ಎಳೆದುಕೊಂಡ. ನಾಲ್ಕಕ್ಕೆ ನಿಲ್ಲಿಸಲಿಲ್ಲ, ಎಲ್ಲರೂ ನೋಡುತ್ತಿದ್ದರು.

ಸಂಜೆ ಹಿಡಿದ ನೋವು ಬಿಡಲೇ ಇಲ್ಲ. ಹೊಟ್ಟೆ ತೆರೆದ ಸರ್ಜನ್‌ಗೆ ಕಂಡದ್ದು, ನಡುವಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ, ಉದ್ದಕ್ಕೂ ಕಪ್ಪಿಟ್ಟ ಕರುಳು. ಕತ್ತರಿಸಿ ಉಳಿಸುವಂಥದ್ದೇನೂ ಇರಲಿಲ್ಲ. ಮತ್ತೆ ಹೊಲಿದರು. ಮರುದಿನ ಅಸ್ಗರ್ ತೀರಿಕೊಂಡ.

"ಊಟದಿಂದ ಆಗಿದ್ದಲ್ಲಮ್ಮ. ಆ ನಾಳ ಇವತ್ತಲ್ಲ ನಾಳೆ ಮುಚ್ಚೋದೇ ಇತ್ತು," ಎಂದಳು ದಿವ್ಯ. ಮಜೀದಾ ತಲೆಯಾಡಿಸಿದಳು. ನಂಬಲಿಲ್ಲ.

ಮದುವೆ ಸದ್ದಿಲ್ಲದೆ ನಡೆಯಿತು. ಅಂಗಡಿ ಮಾರಿ ಮಜೀದಾ ಕೃಷ್ಣರಾಜಪುರದ ತಮ್ಮ ಬಷೀರನ ಮನೆ ಸೇರಿ, ಗಾರ್ಮೆಂಟ್ಸ್‌ನಲ್ಲಿ ದಾರ ಕತ್ತರಿಸುವ ಕೆಲಸ ಹಿಡಿದಳು. ಅಂದು ಗಂಡನ ಕಿವಿಯಲ್ಲಿ ಹೇಳಿದ್ದನ್ನು ಯಾರಿಗೂ ಹೇಳಲಿಲ್ಲ.

ರಂಜಾನಿಗೆ ಬಂದಾಗಲೆಲ್ಲ ಮಹೀನ್ ಗಂಡನಿಗೆ ಹೆಮ್ಮೆಯಿಂದ ಹೇಳುತ್ತಾಳೆ: "ನನ್ ನಿಶ್ಚಿತಾರ್ಥದ ದಿನ ಅಬ್ಬಾ ಎಷ್ಟ್ ಖುಷಿಯಾಗಿದ್ರು ಗೊತ್ತಾ? ಹೊಟ್ಟೆ ತುಂಬಾ ತಿಂದ್ರು. ಅಲ್ವಾ ಅಮ್ಮಿ?"

"ಹೂಂ," ಎನ್ನುತ್ತಾಳೆ ಮಜೀದಾ. "ತಿಂದ್ರು."